ಗೆರೆಯ ಒಡೆತನ: ಬಿಲ್ ವಾಟರ್ಸನ್ ಅವರ ೧೯೮೯ರ ಭಾಷಣದ ಒಂದು ಓದು

೧

ಕಲಾವಿದನೊಬ್ಬ ತನ್ನ ಕಲೆಯನ್ನು ಕುರಿತು ಸಭೆಯಲ್ಲಿ ಆಡಿದ ಮಾತನ್ನು ವಿಮರ್ಶೆಯು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬಳಸಿಕೊಳ್ಳುತ್ತ ಬಂದಿದೆ. ಒಂದು, ಅವನ ಕೃತಿಗಳನ್ನು ವಿವರಿಸುವ ಸಾಕ್ಷ್ಯವಾಗಿ. ಎರಡು, ಅವನ ಜೀವನಚರಿತ್ರೆಯ ಸಾಮಗ್ರಿಯಾಗಿ. ಎರಡರಲ್ಲಿಯೂ ಭಾಷಣಕ್ಕೆ ಸ್ವತಂತ್ರ ಪಠ್ಯದ ಸ್ಥಾನ ದೊರೆಯುವುದಿಲ್ಲ. ಕನ್ನಡದಲ್ಲಿ ಇದಕ್ಕೊಂದು ಅಪವಾದವಿದೆ. ೧೯೧೫ರಿಂದ ನಡೆದುಬಂದಿರುವ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷ ಭಾಷಣಗಳನ್ನು ನಾವು ಸಾಹಿತ್ಯ ಚಿಂತನೆಯ ಆಕರಗಳೆಂದೇ ಓದುತ್ತೇವೆ. ಬರಹಗಾರ ಅಲ್ಲಿ ತನ್ನ ಕೃತಿಗಳ ಬಗೆಗಷ್ಟೇ ಹೇಳದೆ ನುಡಿಯ, ನಾಡಿನ, ಓದುಗ ಸಮುದಾಯದ ಸ್ಥಿತಿಗತಿಗಳ ಬಗೆಗೂ ತೀರ್ಪು ಕೊಡುತ್ತಾನೆ. ಆ ತೀರ್ಪನ್ನು ಒಪ್ಪುವ ಅಥವಾ ಅಲ್ಲಗಳೆಯುವ ಅಧಿಕಾರ ಕೇಳುಗನಿಗೆ ಇದ್ದೇ ಇರುತ್ತದೆ. ಈ ಓದಿನ ಕ್ರಮವನ್ನು ವ್ಯಂಗ್ಯಚಿತ್ರಕಾರನೊಬ್ಬನ ಭಾಷಣಕ್ಕೆ ಅನ್ವಯಿಸಿದರೆ ಏನು ದೊರೆತೀತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಆರಿಸಿಕೊಂಡಿರುವುದು ಅಮೆರಿಕದ ಬಿಲ್ ವಾಟರ್ಸನ್ ಅವರು ೧೯೮೯ರ ಅಕ್ಟೋಬರ್ ೨೭ರಂದು ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ವ್ಯಂಗ್ಯಚಿತ್ರಕಲಾ ಉತ್ಸವದಲ್ಲಿ ಮಾಡಿದ ಭಾಷಣ. ಅದರ ಶೀರ್ಷಿಕೆಯನ್ನು 'ಅಗ್ಗವಾಗುತ್ತಿರುವ ಕಾಮಿಕ್ಸ್' ಎಂದು ಕನ್ನಡಿಸಬಹುದು. ಬೆಲೆ ಇಳಿಯುವುದು ಮತ್ತು ಘನತೆ ಇಳಿಯುವುದು ಎಂಬ ಎರಡು ಅರ್ಥಗಳೂ ಮೂಲದಲ್ಲಿವೆ. ನಮ್ಮ 'ಅಗ್ಗ' ಎಂಬ ಮಾತು ಅವೆರಡನ್ನೂ ಹೊರಬಲ್ಲದು. ಆ ವಿಶ್ವವಿದ್ಯಾನಿಲಯದಲ್ಲಿ ೧೯೭೭ರಲ್ಲಿ ಮಿಲ್ಟನ್ ಕನಿಫ್ ಅವರ ಕಾಗದಪತ್ರಗಳನ್ನು ಆಧಾರವಾಗಿಟ್ಟುಕೊಂಡು ವ್ಯಂಗ್ಯಚಿತ್ರಗಳ ಗ್ರಂಥಾಲಯವೊಂದು ಆರಂಭವಾಯಿತು. ೧೯೮೩ರಿಂದ ಮೂರು ವರ್ಷಗಳಿಗೊಮ್ಮೆ ಉತ್ಸವ ನಡೆಯತೊಡಗಿತು. ವೃತ್ತಿಯಲ್ಲಿರುವವರೂ ಅಧ್ಯಯನಕಾರರೂ ಒಂದೇ ಸಭಾಂಗಣದಲ್ಲಿ ಕೂಡುವ ಅವಕಾಶ ಅದು. ಭಾಷಣಕಾರರಿಗೆ ಆಗ ೩೧ ವರ್ಷ. ಅವರ 'ಕ್ಯಾಲ್ವಿನ್ ಅಂಡ್ ಹಾಬ್ಸ್' ೧೯೮೫ರ ನವೆಂಬರ್ ೧೮ರಂದು ಆರಂಭವಾಗಿ ನಾಲ್ಕು ವರ್ಷಗಳೂ ತುಂಬಿರಲಿಲ್ಲ. ವೃತ್ತಿಬಾಂಧವರು ಕೊಡುವ ರೂಬೆನ್ ಪ್ರಶಸ್ತಿ ಅಷ್ಟರಲ್ಲೇ ಎರಡು ಬಾರಿ, ೧೯೮೬ಕ್ಕೆ ಮತ್ತು ೧೯೮೮ಕ್ಕೆ, ಅವರಿಗೆ ಸಂದಿತ್ತು. ಸಭೆ ಸಮಾರಂಭಗಳಿಂದ ದೂರವಿರುವ ಸ್ವಭಾವದವರೆಂದು ಹೆಸರಾದ ಕಲಾವಿದರು ತಮ್ಮ ವೃತ್ತಿಯ ಹಬ್ಬದಲ್ಲಿ ನಿಂತು ಆ ವೃತ್ತಿಯನ್ನೇ ಆಕ್ಷೇಪಿಸಿದರು ಎಂಬುದು ಈ ಭಾಷಣದ ಮೊದಲ ವಿಶೇಷ.

೨

ಭಾಷಣದ ರಚನೆ ಸರಳವಾದುದು. ವಾಟರ್ಸನ್ ಬಾಲ್ಯದಲ್ಲಿ ಮೆಚ್ಚಿದ ಮತ್ತು ಬಳಿಕ ಕಂಡುಕೊಂಡ ಮೂರು ಕೃತಿಗಳ ಸ್ಮರಣೆಯಿಂದ ಅದು ತೊಡಗುತ್ತದೆ: ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್', ವಾಲ್ಟ್ ಕೆಲಿ ಅವರ 'ಪೋಗೊ', ಜಾರ್ಜ್ ಹೆರಿಮನ್ ಅವರ 'ಕ್ರೇಜಿ ಕ್ಯಾಟ್'. ಈ ಮೂರಕ್ಕೂ ಹೊರನೋಟದ ಸಾಮ್ಯವಿಲ್ಲ. ಮೊದಲನೆಯದರ ಗೆರೆ ಮಿತವಾದುದು, ಎರಡನೆಯದರದು ತುಂಬು ಕುಂಚದ್ದು, ಮೂರನೆಯದರದು ಗೀಚಿದಂತೆ ಕಾಣುವಂಥದು. ಆದರೆ ಮೂರರಲ್ಲಿಯೂ ಗೆರೆಯೇ ಒಂದು ಮನೋಧರ್ಮವನ್ನು ಹೊತ್ತಿದೆ. ಮಾತನ್ನು ಅಳಿಸಿದರೂ ಇದು ಯಾರ ಲೋಕವೆಂದು ಹೇಳಬಹುದು. ಅಲ್ಲಿಂದ ಮುಂದೆ ವಾಟರ್ಸನ್ ತಮ್ಮ ಮುಖ್ಯ ಆಪಾದನೆಗೆ ಬರುತ್ತಾರೆ. ಮಾಧ್ಯಮದ ಆರಂಭಕಾಲದಲ್ಲಿ, ಮುಂದೆ ದಾರಿಯೇ ಇಲ್ಲದಿದ್ದಾಗ ಮಾಡಿದ ಕೆಲಸ ಇಂದಿನ ಕೆಲಸಕ್ಕಿಂತ ಹೆಚ್ಚು ಕಲ್ಪನಾಶೀಲವಾಗಿದೆ. ವಿಕಾಸವು ಹಿಮ್ಮುಖವಾಗಿ ನಡೆದಿದೆ. ಹಳೆಯದನ್ನು ಕಾಣದ ಓದುಗನಿಗೆ ತಾನು ಕಳೆದುಕೊಂಡದ್ದೇನೆಂಬುದರ ಅರಿವೂ ಇಲ್ಲ ಎಂಬುದು ಅವರ ವಾದದ ಸಾರಾಂಶ.

ಈ ಅವನತಿಗೆ ಅವರು ಮೂವರನ್ನು ಹೊಣೆ ಮಾಡುತ್ತಾರೆ. ಮೊದಲನೆಯವರು ಪತ್ರಿಕೆಗಳು. ಊರಿಗೆ ಎರಡು ಮೂರು ಪತ್ರಿಕೆಗಳಿದ್ದಾಗ ಒಳ್ಳೆಯ ಕಾಮಿಕ್ಸ್ ಪಟ್ಟಿ ಓದುಗರನ್ನು ಸೆಳೆಯುವ ಸಾಧನವಾಗಿತ್ತು. ಪೈಪೋಟಿ ಅಳಿದ ಮೇಲೆ ಅದಕ್ಕೆ ಕೊಟ್ಟ ಜಾಗ ಕುಗ್ಗುತ್ತ ಬಂತು. ಜಾಗ ಕುಗ್ಗಿದಂತೆ ವಿವರವಾದ ಚಿತ್ರಣ ಅಸಾಧ್ಯವಾಯಿತು. ದೀರ್ಘ ಸಾಹಸಕಥೆಗಳು ಕ್ಷೀಣಿಸಿದವು. ಮಾತಾಡುವ ತಲೆಗಳಷ್ಟೇ ಉಳಿದವು. ಎರಡನೆಯವರು ಸಿಂಡಿಕೇಟುಗಳು. ಒಬ್ಬ ಕಲಾವಿದನ ಪಟ್ಟಿಯನ್ನು ನೂರಾರು ಪತ್ರಿಕೆಗಳಿಗೆ ಮಾರಿ ಆದಾಯವನ್ನು ಅವನೊಡನೆ ಹಂಚಿಕೊಳ್ಳುವ ಸಂಸ್ಥೆಗಳು ಇವು. ಹೊಸಬನಿಗೆ ಚೌಕಾಸಿಯ ಬಲವಿಲ್ಲ. ಸಹಿ ಹಾಕುವಾಗಲೇ ಅವನು ಕೃತಿಸ್ವಾಮ್ಯವನ್ನು ಸಂಸ್ಥೆಗೆ ಬಿಟ್ಟುಕೊಡಬೇಕು. ಆ ಬಳಿಕ ಪಾತ್ರಗಳು ಅವನವಲ್ಲ. ಅವನನ್ನು ಬಿಟ್ಟು ಇನ್ನೊಬ್ಬನಿಂದ ಬರೆಯಿಸಿದರೂ ಕೇಳುವಂತಿಲ್ಲ. ಮೂರನೆಯವರು ವ್ಯಂಗ್ಯಚಿತ್ರಕಾರರೇ. ಸಹಾಯಕರ ಕೈಯಲ್ಲಿ ಬರೆಯಿಸುವವರು, ತೀರಿಕೊಂಡವರ ಪಟ್ಟಿಯನ್ನು ಮುಂದುವರಿಸುವವರು, ಪಾತ್ರಗಳನ್ನು ಬೊಂಬೆ ಬಟ್ಟೆ ಲೋಟಗಳ ಮೇಲೆ ಮಾರಲು ಒಪ್ಪುವವರು ಎಲ್ಲರೂ ಈ ಭಾಗದಲ್ಲಿ ಬರುತ್ತಾರೆ.

ಈ ಕ್ರಮದಲ್ಲಿ ಒಂದು ಔಚಿತ್ಯವಿದೆ. ಹೊರಗಿನವರಿಂದ ತೊಡಗಿದ ಆಪಾದನೆ ಕೊನೆಗೆ ಎದುರಿಗೆ ಕುಳಿತ ಸಭಿಕರನ್ನು ಮುಟ್ಟುತ್ತದೆ. ಪತ್ರಿಕೆಯನ್ನು ದೂರಿದಾಗ ಚಪ್ಪಾಳೆ ಸುಲಭ; ಸಹೋದ್ಯೋಗಿಯನ್ನು ದೂರಿದಾಗ ಹಾಗಲ್ಲ. ಇದನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕಲಾಗದಿರುವುದಕ್ಕೆ ಈ ಮೂರನೆಯ ಭಾಗವೇ ಕಾರಣ.

೩

ಭಾಷಣದ ನಿಜವಾದ ಕೊಡುಗೆ ಮಾರಾಟದ ವಿರೋಧದಲ್ಲಿಲ್ಲ. ಕಲೆ ಮತ್ತು ಮಾರುಕಟ್ಟೆಯ ವಿರೋಧ ಹಳೆಯ ಮಾತು. ಜಾಗ ಮತ್ತು ಒಡಂಬಡಿಕೆ ಎಂಬ ಎರಡು ಸಂಗತಿಗಳನ್ನು ವಾಟರ್ಸನ್ ರೂಪದ ಅಂಗಗಳನ್ನಾಗಿ ಕಂಡದ್ದು ಇಲ್ಲಿಯ ಹೊಸತು. ಸಾಹಿತ್ಯ ವಿಮರ್ಶೆ ಪ್ರಕಾಶಕನ ಕರಾರನ್ನು ಕಾವ್ಯದ ಹೊರಗಿಡುತ್ತದೆ. ಕಾಮಿಕ್ಸ್‌ನಲ್ಲಿ ಅದು ಹೊರಗಿಡಲಾಗದ ವಸ್ತು.

ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಭಾನುವಾರದ ಪಟ್ಟಿಗಳನ್ನು ಆ ಕಾಲದಲ್ಲಿ ನಿಗದಿಯಾದ ವಿನ್ಯಾಸದಲ್ಲಿಯೇ ಬರೆಯಬೇಕಾಗಿತ್ತು. ಚೌಕಗಳನ್ನು ಸಂಪಾದಕರು ತಮ್ಮ ಪುಟಕ್ಕೆ ತಕ್ಕಂತೆ ಮರುಜೋಡಿಸಬಹುದಾಗಿತ್ತು. ಮೇಲಿನ ಸಾಲನ್ನು ತೆಗೆದೇಬಿಡಬಹುದಾಗಿತ್ತು. ಆದುದರಿಂದ ಆ ಸಾಲಿನಲ್ಲಿ ಕಥೆಗೆ ಅವಶ್ಯವಾದುದೇನನ್ನೂ ಇಡುವಂತಿರಲಿಲ್ಲ. ಕಟ್ಟುಪಾಡಿನಿಂದಲೇ ಕಲೆ ಹುಟ್ಟುತ್ತದಲ್ಲ ಎಂದು ಇಲ್ಲಿ ಆಕ್ಷೇಪಿಸಬಹುದು. ಷಟ್ಪದಿಯ ಕಟ್ಟು ನಮ್ಮ ಕವಿಗಳನ್ನು ಕಟ್ಟಿಹಾಕಲಿಲ್ಲವಲ್ಲ ಎನ್ನಬಹುದು. ಆದರೆ ಷಟ್ಪದಿ ಕವಿ ಒಪ್ಪಿಕೊಂಡ ಕಟ್ಟು. ಪ್ರತಿ ಮಾಡುವವನು ಪದ್ಯದ ಮೊದಲೆರಡು ಸಾಲುಗಳನ್ನು ಜಾಗ ಸಾಲದೆಂದು ಬಿಟ್ಟುಬಿಡುವನೆಂದು ತಿಳಿದು, ಆ ಸಾಲುಗಳಲ್ಲಿ ಏನನ್ನೂ ಹೇಳದೆ ಬರೆಯಬೇಕಾದ ಸ್ಥಿತಿಯನ್ನು ಯಾವ ಛಂದಸ್ಸೂ ಒಡ್ಡಿಲ್ಲ. ಛಂದಸ್ಸಿನ ಮಿತಿಗೂ ಅಂಗಡಿಯ ಮಿತಿಗೂ ಇರುವ ಈ ಅಂತರ ವಾಟರ್ಸನ್ ಅವರ ವಾದದ ಅಡಿಗಲ್ಲು.

ಪರವಾನಗಿ ಮಾರಾಟದ ವಿಷಯದಲ್ಲಿಯೂ ಹೀಗೆಯೇ. ಕ್ಯಾಲ್ವಿನ್ ಆರು ವರ್ಷದ ಹುಡುಗ. ಹಾಬ್ಸ್ ಎಂಬುದು ಹುಲಿಯ ಬೊಂಬೆ. ಹುಡುಗನ ಕಣ್ಣಿಗೆ ಅದು ಮಾತಾಡುವ, ಜಗಳವಾಡುವ ಜೀವಂತ ಹುಲಿ. ಉಳಿದವರಿಗೆ ಹತ್ತಿ ತುಂಬಿದ ಆಟಿಕೆ. ಯಾವುದು ನಿಜ ಎಂಬ ಪ್ರಶ್ನೆಯನ್ನು ಪಟ್ಟಿ ಎಂದೂ ಇತ್ಯರ್ಥಗೊಳಿಸುವುದಿಲ್ಲ. ಕೃತಿಯ ಧ್ವನಿ ನಿಂತಿರುವುದೇ ಆ ಅನಿಶ್ಚಯದ ಮೇಲೆ. ಅಂಗಡಿಯಲ್ಲಿ ಹಾಬ್ಸ್ ಬೊಂಬೆ ಬಂದ ದಿನ ಉತ್ತರವನ್ನು ಬೊಂಬೆ ತಯಾರಕ ಕೊಟ್ಟಂತಾಗುತ್ತದೆ. ೧೯೯೫ರ ದಶವಾರ್ಷಿಕ ಸಂಪುಟದ ಟಿಪ್ಪಣಿಗಳಲ್ಲಿ ವಾಟರ್ಸನ್ ಈ ಅಂಶವನ್ನು ಸ್ಪಷ್ಟವಾಗಿ ಎತ್ತಿದ್ದಾರೆ. ಇದು ದುಡ್ಡಿನ ಬಗೆಗಿನ ಮಡಿವಂತಿಕೆಯಲ್ಲ, ಅರ್ಥದ ರಕ್ಷಣೆ. ಎಲ್ಲ ಪಾತ್ರಗಳಿಗೂ ಈ ವಾದ ಸಮನಾಗಿ ಹೊಂದುವುದಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ.

೪

ಇನ್ನು ಭಾಷಣದ ದುರ್ಬಲ ಭಾಗಗಳು. ವಾಟರ್ಸನ್ ಹಿಂದಿನ ಕಾಲದ ಅತ್ಯುತ್ತಮವನ್ನು ತಮ್ಮ ಕಾಲದ ಸಾಧಾರಣದೊಡನೆ ಹೋಲಿಸುತ್ತಾರೆ. ಇದು ಸುವರ್ಣಯುಗದ ಕಲ್ಪನೆಗಳಿಗೆಲ್ಲ ಸಾಮಾನ್ಯವಾದ ದೋಷ. ಹಳೆಯ ಪುಟಗಳಲ್ಲಿಯೂ ಕಸ ಬೇಕಾದಷ್ಟಿತ್ತು. ಉಳಿದುಬಂದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಮೇಲಾಗಿ ಆ ಯುಗ ಒಡೆತನದ ಜಗಳಗಳಿಂದ ಮುಕ್ತವಾಗಿರಲಿಲ್ಲ. ರಿಚರ್ಡ್ ಔಟ್‌ಕಾಲ್ಟ್ ಅವರ 'ಯೆಲ್ಲೊ ಕಿಡ್' ೧೮೯೫ರಲ್ಲಿ ಪುಲಿಟ್ಜರ್ ಅವರ ಪತ್ರಿಕೆಯಲ್ಲಿ ಜನಪ್ರಿಯವಾಯಿತು. ಮರುವರ್ಷ ಅವರು ಹರ್ಸ್ಟ್ ಅವರ ಪತ್ರಿಕೆಗೆ ಹೋದಾಗ ಪುಲಿಟ್ಜರ್ ಜಾರ್ಜ್ ಲಕ್ಸ್ ಅವರಿಂದ ಅದೇ ಹುಡುಗನನ್ನು ಬರೆಯಿಸಿದರು. ಒಂದೇ ಊರಿನಲ್ಲಿ ಒಂದೇ ಪಾತ್ರ ಎರಡು ಪತ್ರಿಕೆಗಳಲ್ಲಿ ಓಡಾಡಿತು. ರುಡಾಲ್ಫ್ ಡರ್ಕ್ಸ್ ಹರ್ಸ್ಟ್ ಅವರನ್ನು ಬಿಟ್ಟಾಗ 'ಕಾಟ್ಸೆನ್‌ಯಾಮರ್ ಕಿಡ್ಸ್' ಎಂಬ ಹೆಸರು ಮಾಲೀಕನ ಪಾಲಿಗೆ ಉಳಿಯಿತು. ಪಾತ್ರಗಳನ್ನು ಬೇರೆ ಹೆಸರಿನಲ್ಲಿ ಬರೆಯುವ ಹಕ್ಕು ಮಾತ್ರ ಕಲಾವಿದನಿಗೆ ದಕ್ಕಿತು. ವಿನ್ಸರ್ ಮೆಕ್‌ಕೇ ೧೯೧೧ರಲ್ಲಿ ಪತ್ರಿಕೆ ಬದಲಿಸಿದಾಗ 'ಲಿಟ್ಲ್ ನೀಮೊ' ಎಂಬ ಶೀರ್ಷಿಕೆಯನ್ನು ಕೈಬಿಡಬೇಕಾಯಿತು. ೧೯೩೮ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ 'ಸೂಪರ್‌ಮ್ಯಾನ್' ಹಕ್ಕನ್ನು ೧೩೦ ಡಾಲರಿಗೆ ಮಾರಿದ ಸಂಗತಿ ಎಲ್ಲರಿಗೂ ತಿಳಿದುದೇ. ಒಡಂಬಡಿಕೆಯ ಅನ್ಯಾಯ ಅವನತಿಯ ಫಲವಲ್ಲ; ಅದು ಮಾಧ್ಯಮದ ಹುಟ್ಟಿನೊಡನೆಯೇ ಬಂದದ್ದು.

ವಾಟರ್ಸನ್ ಮೆಚ್ಚುವ ಕೃತಿಗಳೇ ಅವರ ವಾದವನ್ನು ಜಟಿಲಗೊಳಿಸುತ್ತವೆ. 'ಕ್ರೇಜಿ ಕ್ಯಾಟ್' ೧೯೧೩ರಿಂದ ೧೯೪೪ರವರೆಗೆ ನಡೆದದ್ದು ಬಹುಮಟ್ಟಿಗೆ ಪತ್ರಿಕಾ ದೊರೆ ಹರ್ಸ್ಟ್ ಅವರ ವೈಯಕ್ತಿಕ ಮೆಚ್ಚುಗೆಯಿಂದ. ಅದು ಮಾರುಕಟ್ಟೆಯ ನಿರಾಕರಣೆಯಲ್ಲ, ಮಾಲೀಕನ ಆಶ್ರಯ. ಹೆರಿಮನ್ ತೀರಿಕೊಂಡಾಗ ಪಟ್ಟಿಯನ್ನು ಬೇರೆಯವರಿಗೆ ಒಪ್ಪಿಸದೆ ನಿಲ್ಲಿಸಿದ್ದೂ ಸಿಂಡಿಕೇಟೇ. ೧೯೫೦ರಲ್ಲಿ ಆರಂಭವಾದ 'ಪೀನಟ್ಸ್'ಗೆ ಆ ಹೆಸರನ್ನು ಇಟ್ಟದ್ದು ಸಿಂಡಿಕೇಟು; ಶುಲ್ಜ್ ಅವರಿಗೆ ಅದು ಎಂದೂ ಹಿಡಿಸಲಿಲ್ಲ. ಅದರ ಪಾತ್ರಗಳು ಬೊಂಬೆಗಳಾಗಿ, ಜಾಹೀರಾತುಗಳಾಗಿ ಜಗತ್ತನ್ನೆಲ್ಲ ಸುತ್ತಿದವು. ಆದರೂ ಸುಮಾರು ಐವತ್ತು ವರ್ಷ ಪಟ್ಟಿಯನ್ನು ಬರೆದದ್ದು ಶುಲ್ಜ್ ಅವರೊಬ್ಬರ ಕೈಯೇ. ೨೦೦೦ದ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಹೊಸ ಪಟ್ಟಿಯನ್ನು ಯಾರೂ ಬರೆಯಲಿಲ್ಲ. ಮಾರಾಟವಾದ ಮಾತ್ರಕ್ಕೆ ಗೆರೆ ಕೆಡಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

೫

ಒಂದೇ ಕೈ ಎಂಬ ಈ ಆದರ್ಶವನ್ನು ನಮ್ಮ ಅನುಭವದ ಎದುರಿಗಿಟ್ಟು ನೋಡುವುದು ಅವಶ್ಯ. ಭಾರತೀಯ ಓದುಗರಿಗೆ ಅಮೆರಿಕದ ಪಟ್ಟಿಗಳು ತಲುಪಿದ್ದೇ ಸಿಂಡಿಕೇಟುಗಳ ಮೂಲಕ. ೧೯೬೪ರಲ್ಲಿ ಮುಂಬಯಿಯಲ್ಲಿ ಆರಂಭವಾದ 'ಇಂದ್ರಜಾಲ ಕಾಮಿಕ್ಸ್' ಅಲ್ಲಿಯ 'ಫ್ಯಾಂಟಮ್' ಕಥೆಗಳನ್ನು ಇಲ್ಲಿಯ ಹಲವು ಭಾಷೆಗಳಿಗೆ ತಂದಿತು. ಲೀ ಫಾಕ್ ೧೯೩೬ರಲ್ಲಿ ಸೃಷ್ಟಿಸಿದ ಈ ಪಾತ್ರವನ್ನು ಅವರ ಜೀವಿತಕಾಲದಲ್ಲಿಯೇ ಹಲವು ಕಲಾವಿದರು ಬರೆದರು; ೧೯೯೯ರಲ್ಲಿ ಅವರು ತೀರಿಕೊಂಡ ಬಳಿಕವೂ ಅದು ಮುಂದುವರಿಯಿತು. ಓದುವ ಮಗುವಿಗೆ ಗೊತ್ತಿದ್ದದ್ದು ಪಾತ್ರ, ಕೈ ಗೊತ್ತಿರಲಿಲ್ಲ. ಕಾರ್ಕಳದ ಅನಂತ ಪೈ ಅವರ ಸಂಪಾದಕತ್ವದಲ್ಲಿ ೧೯೬೭ರಿಂದ ಹೊರಬಂದ 'ಅಮರ ಚಿತ್ರ ಕಥಾ' ಕೂಡ ಸಂಪಾದಕ, ಲೇಖಕ, ಚಿತ್ರಕಾರ ಎಂಬ ಕೂಡುದುಡಿಮೆಯ ಫಲ. ಇವುಗಳನ್ನು ಒಂದೇ ಕೈಯ ಅಳತೆಗೋಲಿನಿಂದ ಅಳೆದರೆ ನಮ್ಮ ಚಿತ್ರಕಥೆಯ ದೊಡ್ಡ ಭಾಗವೇ ಕಲೆಯ ಹೊರಗುಳಿಯುತ್ತದೆ.

ಇನ್ನೂ ತಕ್ಕ ನಿದರ್ಶನ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರದು. ೧೯೪೨ರಲ್ಲಿ ರಾಶಿಯವರು ಆರಂಭಿಸಿದ 'ಕೊರವಂಜಿ'ಗೆ ಚಿತ್ರ ಬರೆದ ಲಕ್ಷ್ಮಣ್ ಮುಂಬಯಿಯ ಪತ್ರಿಕೆಯಲ್ಲಿ ನೆಲೆ ನಿಂತರು. ಅವರ ಕೈಯಿಂದ ಹೊರಟ ಎರಡು ಪಾತ್ರಗಳನ್ನು ಜೊತೆಗಿಟ್ಟು ನೋಡಬೇಕು. ಒಂದು, ೧೯೫೪ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಬರೆದುಕೊಟ್ಟ ಗಟ್ಟು, ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ. ಇನ್ನೊಂದು, ೧೯೫೧ರಿಂದ ದಿನವೂ ಪತ್ರಿಕೆಯ ಚೌಕದಲ್ಲಿ ಮೌನವಾಗಿ ನಿಂತ ಜನಸಾಮಾನ್ಯ. ಗಟ್ಟು ಹುಟ್ಟಿದ್ದೇ ವ್ಯಾಪಾರದಲ್ಲಿ. ಅವನಿಗೆ ಕಳೆದುಕೊಳ್ಳಲು ಬೇರೊಂದು ಲೋಕವಿರಲಿಲ್ಲ. ಆದುದರಿಂದ ಅವನು ಅಗ್ಗವಾದ ಎನ್ನುವುದು ಅರ್ಥಹೀನ. ಜನಸಾಮಾನ್ಯನ ಕಥೆ ಬೇರೆ. ಅವನು ಅಂಚೆಚೀಟಿಯಲ್ಲಿ ಬಂದ, ಪುಣೆಯಲ್ಲಿಯೂ ಮುಂಬಯಿಯಲ್ಲಿಯೂ ಪ್ರತಿಮೆಯಾದ. ೨೦೦೩ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯ ಲಾಂಛನವೂ ಆದ. ಅಗ್ಗದ ದರದಲ್ಲಿ ವಿಮಾನವೇರುವ ಸಾಮಾನ್ಯನೆಂಬ ಕಲ್ಪನೆ ಆ ಪಾತ್ರಕ್ಕೆ ತೀರ ವಿರುದ್ಧವಲ್ಲ. ಆದರೆ ಚೌಕದಲ್ಲಿ ಅವನ ಕೆಲಸ ಏನನ್ನೂ ಅನುಮೋದಿಸದೆ ನೋಡುವುದು. ಲಾಂಛನವಾದವನು ಅನುಮೋದಿಸಲೇಬೇಕು. ಬೊಂಬೆಯಾದ ಹಾಬ್ಸ್ ಅನಿಶ್ಚಯವನ್ನು ಕಳೆದುಕೊಳ್ಳುವಂತೆ, ಲಾಂಛನವಾದ ಜನಸಾಮಾನ್ಯ ಮೌನದ ಅರ್ಥವನ್ನು ಸ್ವಲ್ಪಮಟ್ಟಿಗಾದರೂ ಕಳೆದುಕೊಳ್ಳುತ್ತಾನೆ. ಇಲ್ಲಿ ವಾಟರ್ಸನ್ ಅವರ ವಾದ ನಮಗೆ ನೇರವಾಗಿ ಉಪಯುಕ್ತ. ಪಾತ್ರವನ್ನು ಮಾರಬಹುದೇ ಎಂಬುದಕ್ಕಿಂತ, ಮಾರಿದಾಗ ಆ ಪಾತ್ರದ ಯಾವ ಗುಣ ಅಳಿಯುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ.

೬

ಭಾಷಣದ ನಂತರದ ಘಟನೆಗಳು ಸಂಶೋಧಕರಿಗೆ ಪರಿಚಿತ. ೧೯೯೧ರಲ್ಲಿ ಸಿಂಡಿಕೇಟಿನೊಡನೆ ಹೊಸ ಕರಾರಾಗಿ ಪಾತ್ರಗಳ ಮಾರಾಟವನ್ನು ತಡೆಯುವ ಅಧಿಕಾರ ವಾಟರ್ಸನ್ ಅವರಿಗೆ ದೊರೆಯಿತು. ಆ ವರ್ಷದ ಮೇ ತಿಂಗಳಿಂದ ಬಿಡುವು ಪಡೆದು ೧೯೯೨ರ ಫೆಬ್ರವರಿಯಲ್ಲಿ ಮರಳಿದಾಗ, ಭಾನುವಾರದ ಪಟ್ಟಿಯನ್ನು ಒಡೆಯಲಾಗದ ಅರ್ಧ ಪುಟವಾಗಿ ಕೊಡುವ ಏರ್ಪಾಡಾಯಿತು. ಕೆಲವು ಸಂಪಾದಕರು ಗೊಣಗಿದರು. ಆದರೆ ಆ ಅರ್ಧ ಪುಟಗಳಲ್ಲಿ ಚೌಕಗಳ ಗಾತ್ರ, ಖಾಲಿ ಬಿಟ್ಟ ಬಯಲು, ಮಾತಿಲ್ಲದ ಚಿತ್ರಗಳ ಲಯ ಇವೆಲ್ಲ ಹೊಸದಾಗಿ ಕಾಣಿಸಿಕೊಂಡವು. ಜಾಗವು ರೂಪದ ಅಂಗವೆಂಬ ೧೯೮೯ರ ಮಾತು ಅಲ್ಲಿ ಕೃತಿಯಾಗಿ ಸಾಬೀತಾಯಿತು. ೧೯೯೫ರ ಡಿಸೆಂಬರ್ ೩೧ರಂದು ಪಟ್ಟಿ ನಿಂತಿತು. ಆಗ ಅದು ೨,೪೦೦ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಬರುತ್ತಿತ್ತು.

ಇದನ್ನು ವಾದದ ಗೆಲುವೆಂದು ಕೊಂಡಾಡುವಾಗ ಎಚ್ಚರ ಬೇಕು. ವಾಟರ್ಸನ್ ನಿರಾಕರಿಸಬಲ್ಲವರಾಗಿದ್ದದ್ದು ಅವರ ಜನಪ್ರಿಯತೆಯಿಂದ. ಆ ಜನಪ್ರಿಯತೆ ಬಂದದ್ದು ಅವರು ಆಕ್ಷೇಪಿಸಿದ ವ್ಯವಸ್ಥೆಯ ಮೂಲಕವೇ. ಹೊಸಬನಿಗೆ ಚೌಕಾಸಿಯ ಬಲವಿಲ್ಲವೆಂದು ಭಾಷಣವೇ ಹೇಳುತ್ತದೆ. ಆ ಹೊಸಬನು ಏನು ಮಾಡಬೇಕೆಂಬುದಕ್ಕೆ ಅವರ ಬದುಕು ಉತ್ತರವಾಗಲಾರದು. ಕಾಮಿಕ್ಸ್ ಕಲಾವಿದರು ಕೂಡಿ ೧೯೮೮ರಲ್ಲಿ ತಮ್ಮ ಹಕ್ಕುಗಳ ಪತ್ರವೊಂದನ್ನು ರೂಪಿಸಿದ್ದರು. ಕೃತಿಸ್ವಾಮ್ಯವನ್ನು ಕಲಾವಿದನಲ್ಲೇ ಉಳಿಸುವ ಸಿಂಡಿಕೇಟೊಂದು ೧೯೮೭ರಲ್ಲಿಯೇ ಹುಟ್ಟಿತ್ತು. ಉತ್ತರವಿರುವುದು ಒಬ್ಬನ ತ್ಯಾಗದಲ್ಲಲ್ಲ, ಇಂತಹ ಕೂಡುಪ್ರಯತ್ನಗಳಲ್ಲಿ. ಬೊಂಬೆಗಳನ್ನು ತಡೆದರೂ ಕಳ್ಳಮುದ್ರಣ ನಿಲ್ಲಲಿಲ್ಲ ಎಂಬುದನ್ನೂ ನೆನೆಯಬೇಕು. ವಾಹನಗಳ ಹಿಂಬದಿಯಲ್ಲಿ ಅಂಟಿಸಿದ, ಅನುಮತಿಯಿಲ್ಲದ, ಅಸಭ್ಯ ಕ್ಯಾಲ್ವಿನ್ ಚಿತ್ರ ಅಮೆರಿಕದಲ್ಲಿ ಸಾಮಾನ್ಯವಾಯಿತು.

ಭಾಷಣಕ್ಕೆ ತಿದ್ದುಪಡಿ ಬಂದದ್ದು ವಾಟರ್ಸನ್ ಅವರಿಂದಲೇ. ೨೦೧೪ರ ಜೂನ್ ತಿಂಗಳಲ್ಲಿ ಅವರು ಸ್ಟೀಫನ್ ಪಾಸ್ಟಿಸ್ ಅವರ 'ಪರ್ಲ್ಸ್ ಬಿಫೋರ್ ಸ್ವೈನ್' ಪಟ್ಟಿಯ ಕೆಲವು ಚೌಕಗಳನ್ನು ಹೆಸರು ಹೇಳದೆ ಬರೆದುಕೊಟ್ಟರು. ಬಳಿಕ ಪಾಸ್ಟಿಸ್ ಅದನ್ನು ಬಹಿರಂಗಪಡಿಸಿದರು. ೨೦೨೩ರಲ್ಲಿ ಹೊರಬಂದ 'ದಿ ಮಿಸ್ಟರೀಸ್' ಎಂಬ ಪುಸ್ತಕವನ್ನು ಅವರು ಜಾನ್ ಕಾಶ್ಟ್ ಅವರೊಡನೆ ಕೂಡಿ ರಚಿಸಿದರು. ಒಂದೇ ಕೈಯನ್ನು ಎತ್ತಿಹಿಡಿದವರು ಇನ್ನೊಬ್ಬರ ಪಟ್ಟಿಗೆ ಕೈ ಹಾಕಿದರು, ತಮ್ಮ ಕೃತಿಯಲ್ಲಿ ಇನ್ನೊಂದು ಕೈಗೆ ಜಾಗ ಕೊಟ್ಟರು. ಇದನ್ನು ವಿರೋಧಾಭಾಸವೆಂದು ಓದಬೇಕಾಗಿಲ್ಲ. ಭಾಷಣದ ತಿರುಳನ್ನು ಕೈಗಳ ಸಂಖ್ಯೆಯಲ್ಲಿ ಅಲ್ಲ, ಕೈಗಳ ಒಪ್ಪಿಗೆಯಲ್ಲಿ ಹುಡುಕಬೇಕೆಂದು ಇದು ಸೂಚಿಸುತ್ತದೆ. ಗೆರೆ ಎಳೆದವನ ಸಮ್ಮತಿಯಿಂದ, ಅವನ ಹೆಸರನ್ನು ಮರೆಮಾಚದೆ ನಡೆದ ಕೂಡುದುಡಿಮೆ ಬೇರೆ. ಒಡಂಬಡಿಕೆಯ ಬಲದಿಂದ ಅವನ ಗೆರೆಯನ್ನು ಅವನಿಂದ ಬೇರ್ಪಡಿಸಿ ನಡೆಸುವ ದಂಧೆ ಬೇರೆ. ಹೀಗೆ ಓದಿದಾಗ 'ಅಮರ ಚಿತ್ರ ಕಥಾ'ದಂತಹ ಕೂಡುಕೃತಿಗಳೂ ಈ ವಿಚಾರದ ಒಳಗೆ ಬರುತ್ತವೆ. ಅಲ್ಲಿ ನಾವು ಕೇಳಬೇಕಾದದ್ದು ಎಷ್ಟು ಕೈಗಳಿದ್ದವು ಎಂದಲ್ಲ, ಯಾವ ಕೈಯ ಹೆಸರು ಉಳಿಯಿತು, ಯಾವುದರ ಹಕ್ಕು ಉಳಿಯಿತು ಎಂದು.

ಕನ್ನಡ ವ್ಯಂಗ್ಯಚಿತ್ರಗಳ ಅಧ್ಯಯನಕ್ಕೆ ಇದರಿಂದ ಒದಗುವ ಕೆಲಸ ಸ್ಪಷ್ಟವಾಗಿದೆ. ವ್ಯಂಗ್ಯಚಿತ್ರವನ್ನು ರಾಜಕೀಯ ಇತಿಹಾಸದ ಟಿಪ್ಪಣಿಯಾಗಿ, ಅಡಿಬರಹದ ಹಾಸ್ಯವಾಗಿ ಮಾತ್ರ ಓದುವ ರೂಢಿಯನ್ನು ಬಿಟ್ಟು, ಆ ಚಿತ್ರಕ್ಕೆ ಪುಟದಲ್ಲಿ ಎಷ್ಟು ಅಂಗುಲ ಸಿಕ್ಕಿತು, ಮೂಲಚಿತ್ರ ಯಾರ ಬಳಿ ಉಳಿಯಿತು, ಮರುಮುದ್ರಣಕ್ಕೆ ಯಾರ ಅನುಮತಿ ಬೇಕಾಯಿತು ಎಂಬುದನ್ನೂ ದಾಖಲಿಸಬೇಕು. ಮುಂಬಯಿ, ಪುಣೆ, ದೆಹಲಿ, ಚೆನ್ನೈಗಳ ಪತ್ರಿಕಾಲಯಗಳಲ್ಲಿ ದುಡಿದ ಕನ್ನಡ ಮೂಲದ ಚಿತ್ರಕಾರರ ವಿಷಯದಲ್ಲಿ ಹೊರನಾಡಿನ ಸಂಶೋಧಕರಿಗೆ ಈ ಕೆಲಸ ಹೆಚ್ಚು ಸುಲಭ. ದಾಖಲೆಗಳು ಇರುವುದೂ ಅವರ ಊರುಗಳಲ್ಲಿಯೇ. ವಾಟರ್ಸನ್ ತಮ್ಮ ಚಿತ್ರಗಳ ಬಹುಭಾಗವನ್ನು ೨೦೦೫ರಲ್ಲಿ ತಾವು ಭಾಷಣ ಮಾಡಿದ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿಯೇ ಇರಿಸಿದರು. ಸಭೆಯಲ್ಲಿ ಆಡಿದ ಮಾತನ್ನು ಮುಂದಿನವರು ಗೆರೆಯ ಪಕ್ಕದಲ್ಲಿಟ್ಟು ಪರೀಕ್ಷಿಸಲು ಅಲ್ಲಿ ಸಾಧ್ಯವಿದೆ. ನಮ್ಮ ಚಿತ್ರಕಾರರ ಮಾತುಗಳಿಗೂ ಗೆರೆಗಳಿಗೂ ಅಂತಹ ಒಂದು ನೆಲೆಯನ್ನು ಕಲ್ಪಿಸುವುದು ವಿದ್ವಾಂಸರ ಹೊಣೆ.